ಕೈಬೀಸುವ ಕೆಸರು

ಇಳಿತ ಅರ್ಧ ಕಳೆದ ಮೇಲೆಯೇ ಅವು ಹೊರಗೆ ಬರುತ್ತವೆ. ಅದಕ್ಕೂ ಮುಂಚೆ ಅಘನಾಶಿನಿಯ ಅಳಿವೆಯಲ್ಲಿ ನೀರು ಬಿಟ್ಟುಕೊಟ್ಟ ದಿಬ್ಬ ಬೂದುಗಪ್ಪಾಗಿ, ನುಣ್ಣಗೆ, ಒಂದು ಜೀವವೂ ಇಲ್ಲವೆಂಬಂತೆ ಬಿದ್ದಿರುತ್ತದೆ. ಮರಳು ಬೆರೆತ ಕೆಸರಿನ ಮೇಲೆ ಉಳಿದ ನೀರಿನ ತೆಳುಪದರ ಬಿಸಿಲಿಗೆ ಹೊಳೆಯುತ್ತದೆ. ಆ ಹೊಳಪು ಇಂಗಿ ಮಂಕಾದ ಕಡೆ ಮೊದಲ ಕದಲಿಕೆ. ಹೆಬ್ಬೆರಳಿನ ಉಗುರಿನಷ್ಟಗಲದ ಮಣ್ಣಿನ ಬಿಲ್ಲೆಯೊಂದು ಒಳಗಿನಿಂದ ಸಡಿಲಗೊಂಡು ಒಂದು ಬದಿ ಏಳುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ. ಭರತ ಬರುವ ಮುನ್ನ ಏಡಿ ತಾನೇ ಮುಚ್ಚಿಕೊಂಡ ಬಾಗಿಲು ಅದು. ಬಿಲ್ಲೆಯ ಅಂಚಿನಲ್ಲಿ ಮಡಚಿದ್ದ ಎರಡು ಕಣ್ಣುಗಳು, ಮೊದಲು ಒಂದು, ತುಸು ತಡೆದು ಇನ್ನೊಂದು, ತೆಳು ದೇಟಿನ ಮೇಲೆ ನೆಟ್ಟಗಾಗುತ್ತವೆ. ಆಮೇಲೆ ಬಹಳ ಹೊತ್ತು ಏನೂ ಆಗುವುದಿಲ್ಲ. ಕಣ್ಣುಗಳು ನೋಡುತ್ತಿರುತ್ತವೆ, ನಾನೂ ನೋಡುತ್ತಿರುತ್ತೇನೆ.

ಇದು ಫಿಡ್ಲರ್ ಏಡಿ. ಚಿಪ್ಪಿನ ಅಗಲ ಎರಡು ಸೆಂಟಿಮೀಟರಿಗಿಂತ ಕಡಿಮೆ. ಗಂಡಿಗೆ ಒಂದು ಕೊಂಡಿ ಮಾತ್ರ ಮೈಗೆ ಮೀರಿ ಬೆಳೆದಿರುತ್ತದೆ. ಕೆಲವು ಜಾತಿಗಳಲ್ಲಿ ಇಡೀ ದೇಹದ ತೂಕದ ಅರ್ಧದ ಹತ್ತಿರ ಆ ಒಂದೇ ಕೈ ತೂಗುತ್ತದೆ. ಇನ್ನೊಂದು ಕೈ ಸಣ್ಣದು, ಉಣ್ಣಲಿಕ್ಕೆ. ಹೆಣ್ಣಿಗೆ ಎರಡೂ ಸಣ್ಣವು. ಈ ದಿಬ್ಬದಲ್ಲಿ ಹೆಚ್ಚಾಗಿರುವ ಜಾತಿಗೆ ಫ್ರಾನ್ಸಿನ ಆನ್ರಿ ಮಿಲ್ನ್ ಎಡ್ವರ್ಡ್ಸ್ 1837ರಲ್ಲಿ ‘ಆನ್ಯುಲಿಪೆಸ್’ ಎಂದು ಹೆಸರಿಟ್ಟರು. ಈಗ ಅದರ ಪೂರ್ಣ ಹೆಸರು ಆಸ್ಟ್ರೂಕಾ ಆನ್ಯುಲಿಪೆಸ್. ಕಪ್ಪು ಬೆನ್ನು, ಅದರ ಮೇಲೆ ಅಡ್ಡಡ್ಡಲಾಗಿ ಕದಡಿದ ಬಿಳಿ ಪಟ್ಟೆಗಳು. ಕೆಲವದರಲ್ಲಿ ಆ ಬಿಳಿಗೆ ತಿಳಿನೀಲಿ ಬೆರೆತಿರುತ್ತದೆ. ನಡೆಯುವ ಕಾಲುಗಳ ಮೇಲೆ ಮಂಕು ಕಂದಿನ ಬಳೆಗಳು. ದೊಡ್ಡ ಕೊಂಡಿಯ ಬಣ್ಣವನ್ನು ಒಂದು ಮಾತಿನಲ್ಲಿ ಹೇಳಲಾಗದು. ಬುಡದಲ್ಲಿ ಕಿತ್ತಳೆಯ ಕಡೆ ವಾಲಿದ ಕೆಂಪು, ಮಧ್ಯದಲ್ಲಿ ತಿಳಿಗುಲಾಬಿ, ಬೆರಳುಗಳ ತುದಿಯಲ್ಲಿ ಬಿಳಿ. ಬಿಲದಿಂದ ಆಗಷ್ಟೇ ಬಂದ ಏಡಿ ಕಪ್ಪಗೆ ಕಾಣುತ್ತದೆ. ಬಿಸಿಲು ಕಾದಂತೆ ಅದರ ಬಿಳಿ ಅರಳುತ್ತದೆ. ಒಂದೇ ಏಡಿಯನ್ನು ಬೆಳಿಗ್ಗೆ ಒಂಬತ್ತಕ್ಕೂ ಹನ್ನೊಂದಕ್ಕೂ ನೋಡಿ ಬಣ್ಣ ಬರೆದರೆ ಎರಡು ಜಾತಿಯ ವಿವರಣೆಯಂತೆ ಓದಿಸಿಕೊಳ್ಳುತ್ತದೆ.

ಇವನ್ನು ನೋಡುವವನು ಕೂರಬೇಕು. ನಿಂತವನು ಅವುಗಳ ಲೆಕ್ಕದಲ್ಲಿ ಬೇಟೆಗಾರ. ಬಯಲಿನಲ್ಲಿ ಬದುಕುವ ಈ ಪ್ರಾಣಿಯ ಕಣ್ಣು ಲೋಕವನ್ನು ದಿಗಂತದ ಗೆರೆಯಲ್ಲಿ ಎರಡು ಭಾಗ ಮಾಡಿಕೊಂಡಿದೆ. ಗೆರೆಯ ಕೆಳಗೆ ಕಾಣುವುದು ನೆರೆಯವರು, ಹೆಣ್ಣು, ಜಗಳಗಂಟ. ಗೆರೆಯ ಮೇಲೆ ಅಲುಗುವುದೆಲ್ಲ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ. ಕೂತವನ ತಲೆಯೂ ಆ ಗೆರೆಯ ಮೇಲೆಯೇ ಇರುತ್ತದೆ, ನಿಜ. ಆದರೆ ಅಲುಗದೆ ಕೂತರೆ ಕಾಂಡ್ಲಾ ಗಿಡದ ಬೊಡ್ಡೆಗೆ ಸಿಗುವ ಮರ್ಯಾದೆ ಅವನಿಗೂ ಸಿಗುತ್ತದೆ. ಅವು ಓಡುವುದರಲ್ಲೂ ಒಂದು ಕ್ರಮವಿದೆ. ಮೊದಲು ಎಲ್ಲವೂ ಇದ್ದಲ್ಲೇ ಸ್ತಬ್ಧ. ಅಪಾಯ ಇನ್ನಷ್ಟು ಹತ್ತಿರವಾದರೆ ಬಿಲದ ಬಾಯಿಗೆ ಓಟ, ಅಲ್ಲಿ ಮತ್ತೆ ನಿಲುಗಡೆ. ಕೊನೆಗಷ್ಟೇ ಒಳಗೆ. ಒಳಗೆ ಇಳಿಯುವುದೆಂದರೆ ನೋಟ ಕಳೆದುಕೊಳ್ಳುವುದು, ಉಣ್ಣುವ ಹೊತ್ತನ್ನೂ ಕಳೆದುಕೊಳ್ಳುವುದು; ಆದ್ದರಿಂದ ಅದನ್ನು ಅವು ಸಾಧ್ಯವಾದಷ್ಟು ಮುಂದೂಡುತ್ತವೆ.

ಊಟ ನಿಧಾನದ ಕೆಲಸ. ಸಣ್ಣ ಕೊಂಡಿಯ ತುದಿ ಸ್ವಲ್ಪ ಹಳ್ಳವಾಗಿದೆ. ಅದರಿಂದ ಮೇಲ್ಪದರದ ಕೆಸರನ್ನು ಚಿವುಟಿ ಬಾಯಿಗೆ ಇಡುತ್ತದೆ. ಬಾಯಿಯ ಮುಂದೆ ಜೋಡಿಜೋಡಿಯಾಗಿ ಮುಚ್ಚಿಕೊಂಡ ಪುಟ್ಟ ಅವಯವಗಳಿವೆ, ಅವುಗಳ ಒಳಮೈ ತುಂಬ ರೋಮ. ಕಿವಿರಿನ ಕೋಣೆಯಿಂದ ನೀರು ಅಲ್ಲಿಗೆ ಹರಿಯುತ್ತದೆ. ಅಕ್ಕಿಯನ್ನು ನೀರಿನಲ್ಲಿ ಗಾಳಿಸಿ ಕಲ್ಲು ಬೇರ್ಪಡಿಸುವ ಹಾಗೆ, ಭಾರದ ಮರಳಕಣ ಕೆಳಗೆ ಉಳಿಯುತ್ತದೆ, ಹಗುರಾದ ಪಾಚಿ ಮತ್ತು ಸೂಕ್ಷ್ಮಜೀವಿಗಳು ಮೇಲೇರಿ ಹೊಟ್ಟೆ ಸೇರುತ್ತವೆ. ಉಳಿದ ಮರಳು ಬಾಯಿಯ ಕೆಳತುದಿಯಲ್ಲಿ ಹನಿಯಂತೆ ಕೂಡಿಕೊಂಡಾಗ ಅದೇ ಸಣ್ಣ ಕೊಂಡಿ ಅದನ್ನು ತೆಗೆದು ನೆಲದ ಮೇಲೆ ಇಡುತ್ತದೆ. ಚಿವುಟುವುದು, ಇಡುವುದು, ಕಾಯುವುದು, ತೆಗೆಯುವುದು. ಗಂಡಿಗೆ ಈ ಕೆಲಸಕ್ಕೆ ಒಂದೇ ಕೈ. ಪಕ್ಕದ ಹೆಣ್ಣು ಎರಡೂ ಕೈಗಳಿಂದ ಸರದಿಯಲ್ಲಿ ಚಿವುಟುತ್ತಾಳೆ, ಗಂಡು ಅಷ್ಟೇ ಹೊಟ್ಟೆ ತುಂಬಿಸಿಕೊಳ್ಳಲು ಹೆಚ್ಚು ಹೊತ್ತು ಬಗ್ಗಿರುತ್ತದೆ.

ಬಾಯಿಯೊಳಗಿನ ಆ ರೋಮಗಳನ್ನು ಭೂತಗನ್ನಡಿಯ ಕೆಳಗೆ ನೋಡಿದರೆ ಜಾತಿಯ ವಾಸ ತಿಳಿಯುತ್ತದೆ. ಮರಳಿನ ನೆಲದವಕ್ಕೆ ರೋಮದ ತುದಿ ಚಮಚದ ಆಕಾರಕ್ಕೆ ಅಗಲಿಸಿರುತ್ತದೆ, ಅಂಥವು ಸಾಲುಸಾಲಾಗಿ ದಟ್ಟವಾಗಿರುತ್ತವೆ. ಒಂದೊಂದು ಮರಳಕಣವನ್ನು ಹಿಡಿದು ಉಜ್ಜಲು ಅದು ಬೇಕು. ನುಣುಪು ಕೆಸರಿನವಕ್ಕೆ ಅಂಥ ರೋಮ ಕಡಿಮೆ. ಸತ್ತ ಏಡಿಯೊಂದನ್ನು ಯಾವ ನೆಲದ್ದೆಂದು ಹೇಳದೆ ಕೈಗಿಟ್ಟರೂ, ಅದು ಜೀವಮಾನವೆಲ್ಲ ತಿಂದ ಮಣ್ಣು ಅದರ ಬಾಯಿಯಲ್ಲಿ ಬರೆದಿರುತ್ತದೆ.

ಇನ್ನೊಂದು ನಡೆಯನ್ನು ಗಮನಿಸಲು ನನಗೆ ಹೆಚ್ಚು ಹೊತ್ತು ಹಿಡಿಯಿತು. ಬಿಲದಿಂದ ಒಂದು ಮಾರಿನೊಳಗೆ ಅಲೆಯುತ್ತ ಉಣ್ಣುವ ಏಡಿ ತನ್ನ ಮೈಯನ್ನು ಮನಬಂದಂತೆ ತಿರುಗಿಸುವುದಿಲ್ಲ. ಎಡಕ್ಕೆ ಹೋಗಲಿ, ಸುತ್ತು ಬರಲಿ, ದೇಹದ ಒಂದು ಪಕ್ಕ ಸದಾ ಬಿಲದ ಕಡೆಗೇ ಇರುತ್ತದೆ. ಏಡಿ ಅಡ್ಡಡ್ಡ ಓಡುವ ಪ್ರಾಣಿ. ಆ ಪಕ್ಕ ಬಿಲಕ್ಕೆ ಗುರಿಯಿಟ್ಟಿದ್ದರೆ ಓಡುವಾಗ ತಿರುಗುವ ಗೋಜಿಲ್ಲ. ಅದು ಬಿಲವನ್ನು ಕಣ್ಣಿನಿಂದ ಹುಡುಕಿಕೊಂಡು ಹೋಗುವುದೂ ಇಲ್ಲ. ಹೋದ ದಿಕ್ಕು, ಇಟ್ಟ ಹೆಜ್ಜೆಗಳ ಲೆಕ್ಕ ಅದರ ಮೈಯಲ್ಲೇ ನಡೆಯುತ್ತಿರುತ್ತದೆ. ಉಣ್ಣುತ್ತಿರುವ ಏಡಿಯನ್ನು ಅದು ನಿಂತ ಹಾಳೆಯ ಸಮೇತ ಮೆಲ್ಲಗೆ ಪಕ್ಕಕ್ಕೆ ಸರಿಸಿದರೆ, ಬೆದರಿದಾಗ ಅದು ಬಿಲ ಇರಬೇಕಾಗಿದ್ದ, ಆದರೆ ಇಲ್ಲದ, ಜಾಗಕ್ಕೆ ನೇರವಾಗಿ ಓಡಿ ಅಲ್ಲಿ ತಡಕಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಾನು ಯಾವ ಏಡಿಯನ್ನೂ ಸರಿಸಿಲ್ಲ. ಬಿಲದತ್ತ ಹೂಡಿದ ಆ ಪಕ್ಕವನ್ನು ನೋಡುತ್ತ ಕೂರುವುದೇ ನನಗೆ ಸಾಕಾಗಿತ್ತು. ಬಿಲ ಎಲ್ಲಿದೆಯೆಂದು ಕಾಣದಿದ್ದಾಗ ಏಡಿಯ ಮೈಯ ಅಡ್ಡಗೆರೆಯನ್ನು ಮನಸ್ಸಿನಲ್ಲೇ ಎರಡೂ ಕಡೆ ಉದ್ದ ಎಳೆದರೆ ಅದರ ಮೇಲೆ ಎಲ್ಲೋ ಒಂದು ಕಡೆ ಬಿಲ ಸಿಗುತ್ತದೆ.

ದಿಬ್ಬ ಒಣಗುತ್ತ ಬಂದಾಗ ಗಂಡುಗಳು ಊಟ ಬಿಟ್ಟು ಬಿಲದ ಬಾಯಿಗೆ ಬಂದು ನಿಲ್ಲುತ್ತವೆ. ಕೈಬೀಸು ಶುರುವಾಗುತ್ತದೆ. ಆಸ್ಟ್ರೂಕಾ ಆನ್ಯುಲಿಪೆಸ್‌ನ ಬೀಸು ಅಗಲವಾದದ್ದು. ಬಾಯಿಯ ಮುಂದೆ ಮಡಚಿದ್ದ ದೊಡ್ಡ ಕೊಂಡಿ ಮೊದಲು ಪಕ್ಕಕ್ಕೆ ಬಿಚ್ಚಿಕೊಳ್ಳುತ್ತದೆ, ಅಲ್ಲಿಂದ ಮೇಲಕ್ಕೆ ಕಣ್ಣುಗಳನ್ನು ಮೀರಿ ಏರುತ್ತದೆ, ಆ ಎತ್ತರದಲ್ಲಿ ದೇಹವೂ ಕಾಲಿನ ತುದಿಯ ಮೇಲೆ ಎದ್ದಿರುತ್ತದೆ. ಮತ್ತೆ ಮುಂದಿನಿಂದ ಇಳಿದು ಮೊದಲಿನ ಜಾಗ ಸೇರುತ್ತದೆ. ಒಂದು ವೃತ್ತ. ಸುತ್ತ ಯಾರೂ ಇಲ್ಲದಾಗ ಬೀಸು ಬಿಡಿಬಿಡಿ, ನಡುವೆ ನಾಲ್ಕು ತುತ್ತು ಊಟ. ಅಲೆಮಾರಿ ಹೆಣ್ಣೊಂದು ಆ ಕಡೆ ಬಂದಳೋ, ಗುಂಪಿನ ಅಷ್ಟೂ ಗಂಡುಗಳು ಅವಳ ಕಡೆ ತಿರುಗಿ ಒಂದೇ ಲಯಕ್ಕೆ ಬೀಳುತ್ತವೆ. ಬಿಳಿ-ಗುಲಾಬಿ ಕೈಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಮೊದಮೊದಲು ಇದು ನನ್ನ ಕಣ್ಣಿನ ಆಟವೆನಿಸುತ್ತಿತ್ತು. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪೆಟ್ರೀಷಿಯಾ ಬ್ಯಾಕ್‌ವೆಲ್ ಮತ್ತು ಜೊತೆಗಾರರು ಇದೇ ಜಾತಿಯ ಈ ಸಮಲಯದ ಬಗ್ಗೆ ಬರೆದರು. ಹೆಣ್ಣು ಒಲಿಯುವುದು ಲಯದಲ್ಲಿ ಉಳಿದವರಿಗಿಂತ ತುಸು ಮುಂಚೆ ಕೈ ಎತ್ತುವ ಗಂಡಿಗೆ. ಎಲ್ಲ ಗಂಡುಗಳೂ ಮುಂದಾಗಲು ಹೊರಟಿದ್ದರಿಂದ ಲಯ ಒಂದಾಗುತ್ತದೆ. ಹೊರಗಿನಿಂದ ಮೇಳ, ಒಳಗೆ ಪೈಪೋಟಿ.

ಈ ಬೀಸನ್ನು ಭಾರತದಲ್ಲಿ ಕೂತು ನೋಡಿ ಬರೆದ ಮೊದಲಿಗರಲ್ಲಿ ಆಲ್ಫ್ರೆಡ್ ಅಲ್ಕಾಕ್ ಒಬ್ಬರು. 1859ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ವೈದ್ಯರು. 1888ರಿಂದ 1892ರವರೆಗೆ ‘ಇನ್ವೆಸ್ಟಿಗೇಟರ್’ ಎಂಬ ಸಮೀಕ್ಷೆಯ ಹಡಗಿನಲ್ಲಿ ವೈದ್ಯ ಹಾಗೂ ಪ್ರಕೃತಿ ವಿಜ್ಞಾನಿಯಾಗಿ ನಮ್ಮ ಸಮುದ್ರಗಳನ್ನು ಸುತ್ತಿದರು. ಆಮೇಲೆ ಕಲ್ಕತ್ತದ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥರಾದರು. ಗೋದಾವರಿಯ ಮುಖದ ಕೆಸರು ಬಯಲಿನಲ್ಲಿ ಇದೇ ಆನ್ಯುಲಿಪೆಸ್‌ನ ನಡವಳಿಕೆಯನ್ನು ನೋಡಿ 1892ರಲ್ಲಿ ಪ್ರಕಟಿಸಿದರು. ಕೊಂಡಿಯ ಗುಲಾಬಿ ಬಣ್ಣ, ಹೆಣ್ಣು ಬಂದಾಗ ಗಂಡುಗಳ ಸಡಗರ, ಎಲ್ಲ ಅದರಲ್ಲಿದೆ. 1895ರಿಂದ 1900ರವರೆಗೆ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಭಾರತದ ಏಡಿಗಳ ವಿವರಣೆಯನ್ನು ಆರು ಕಂತುಗಳಲ್ಲಿ ಹೊರತಂದರು. ಇಂದಿಗೂ ಭಾರತದ ಏಡಿಯೊಂದನ್ನು ಗುರುತಿಸಲು ಕೂತವರು ಆ ಪುಟಗಳನ್ನು ತಿರುವದೆ ಏಳುವುದಿಲ್ಲ. ವಾಕ್ಯಗಳು ಒಣಗಿರುತ್ತವೆ. ಚಿಪ್ಪಿನ ಅಗಲ ಉದ್ದದ ಎಷ್ಟು ಪಾಲು, ಹಣೆ ಎಷ್ಟು ಕಿರಿದು, ಅಂಗೈಯ ಒಳಮೈಯಲ್ಲಿ ಏಣು ಇದೆಯೋ ಇಲ್ಲವೋ. ಆದರೆ ಕೆಸರಿನಲ್ಲಿ ಕೂತು ಬಂದ ಮನುಷ್ಯನ ಒಣಗುವಿಕೆ ಅದು.

ಬಿಸಿಲಿನ ದಿಬ್ಬದಿಂದ ಕಾಂಡ್ಲಾ ವನದ ಅಂಚಿಗೆ ಸರಿದರೆ ನೆಲ ಬದಲಾಗುತ್ತದೆ. ಕಾಲು ಮೊಣಕಾಲಿನವರೆಗೆ ಇಳಿಯುವ ಕರಿಕೆಸರು, ಉಸಿರುಬೇರುಗಳ ಮೊಳಕೆ, ಕೊಳೆತ ಎಲೆಯ ವಾಸನೆ. ಇಲ್ಲಿನ ಫಿಡ್ಲರ್ ಏಡಿ ಬೇರೆ. ಮೈ ದೊಡ್ಡದು, ಬಣ್ಣ ಗಾಢ. ಕಂದುಗಪ್ಪು ಬೆನ್ನಿನ ಮೇಲೆ ಒದ್ದೆಯಿರುವಾಗ ಮಾತ್ರ ನೀಲಿ ಕಾಣಿಸುತ್ತದೆ. ದೊಡ್ಡ ಕೊಂಡಿಯ ಕೆಳಭಾಗ ಕಿತ್ತಳೆ, ಬೆರಳು ಬಿಳುಪು. ಕಣ್ಣಿನ ದೇಟುಗಳು ಹಣೆಯ ನಡುವಿನಲ್ಲಿ ಬಹಳ ಹತ್ತಿರ ಹತ್ತಿರ ಹುಟ್ಟಿವೆ, ಹಣೆಯೆಂಬುದು ಅವುಗಳ ನಡುವೆ ಒಂದು ಕಿರಿದಾದ ನಾಲಿಗೆ ಅಷ್ಟೆ. ಆನ್ಯುಲಿಪೆಸ್‌ನ ಹಣೆ ಅಗಲ. ಈ ಒಂದು ಗುರುತಿನಿಂದಲೇ ಎರಡು ಗುಂಪುಗಳನ್ನು ಹತ್ತು ಹೆಜ್ಜೆ ದೂರದಿಂದ ಬೇರ್ಪಡಿಸಬಹುದು. ಇದರ ಬೀಸಿನಲ್ಲಿ ವೃತ್ತವಿಲ್ಲ. ಕೊಂಡಿ ಮುಂದೆಯೇ ನೆಟ್ಟಗೆ ಏರುತ್ತದೆ, ತಡೆಯುತ್ತದೆ, ಭಾರ ತಾಳಲಾರದೆಂಬಂತೆ ಇಳಿಯುತ್ತದೆ. ನೆರೆಯವರ ಲಯ ಇದಕ್ಕೆ ಬೇಡ. ನೆರಳಿನಲ್ಲಿ ನೆರೆಯವರೂ ದೂರ.

ಈ ಏಡಿಯ ಹೆಸರಿನ ಕತೆ ನಿಧಾನವಾದದ್ದು. ಆಫ್ರಿಕಾದಿಂದ ಅಂಡಮಾನ್ ಸಮುದ್ರದವರೆಗೆ ಎಲ್ಲಿ ಸಿಕ್ಕಿದರೂ ಇದನ್ನು, ಮಿಲ್ನ್ ಎಡ್ವರ್ಡ್ಸ್ 1852ರಲ್ಲಿ ಕೊಟ್ಟ ‘ಉರ್ವಿಲ್ಲೈ’ ಎಂಬ ಹೆಸರಿನಿಂದ ಕರೆಯುತ್ತ ಬಂದರು. ನೋಡಿದವರು ಕಡಿಮೆಯೇನಲ್ಲ. ಬಾಟಲಿಗಳಲ್ಲಿ ಇತ್ತು, ಪಟ್ಟಿಗಳಲ್ಲಿ ಇತ್ತು. 2018ರಲ್ಲಿ ತೈವಾನಿನ ಶಿ ಸಿ-ತೆ, ಬೆನ್ನಿ ಚಾನ್ ಮತ್ತು ಸಿಂಗಪುರದ ಪೀಟರ್ ಎನ್‌ಜಿ ಅದನ್ನು ಎರಡಾಗಿ ಬಿಡಿಸಿದರು. ಆಗ್ನೇಯ ಆಫ್ರಿಕಾದ್ದು ಮಾತ್ರ ಉರ್ವಿಲ್ಲೈ. ಕೆಂಪು ಸಮುದ್ರದಿಂದ ಭಾರತ ದಾಟಿ ಅಂಡಮಾನ್ ಸಮುದ್ರದವರೆಗೆ ಇರುವುದು ಬೇರೆ ಜಾತಿ. ಅದಕ್ಕೆ ಅಲ್ಕಾಕ್ ಅವರ ಹೆಸರಿಟ್ಟರು, ಟ್ಯುಬುಕಾ ಅಲ್ಕಾಕಿ. ಡಿಎನ್ಎ ಲೆಕ್ಕದಲ್ಲಿ ಎರಡೂ ಬೇರಾಗಿ ಸುಮಾರು 22 ಲಕ್ಷ ವರ್ಷ. ಕಣ್ಣಿಗೆ ಕಾಣುವ ವ್ಯತ್ಯಾಸ ಎರಡೇ ಕಡೆ. ಚಿಪ್ಪಿನ ಮುಂಬದಿಯ ಹೊರಮೂಲೆ ಹೇಗೆ ಚಾಚಿದೆ ಎಂಬುದು ಒಂದು, ಗಂಡಿನ ಮೊದಲ ಗೊನೊಪಾಡ್‌ನ ತುದಿ ಇನ್ನೊಂದು. ವಂಶವಾಹಿ ಹೇಳಿದ ಮೇಲೆ ಕಣ್ಣಿಗೂ ಕಾಣಿಸುವ ಇಂಥ ಜಾತಿಗಳನ್ನು ಏಡಿತಜ್ಞರು ಅರೆಗುಪ್ತ ಎನ್ನುತ್ತಾರೆ. ಗುಪ್ತವಾಗಿದ್ದದ್ದು ಏಡಿಯಲ್ಲ ಎಂದು ನನಗನಿಸುತ್ತದೆ. ಅದು ದಿನಾ ಹಗಲು ಹೊತ್ತಿನಲ್ಲಿ ಕೆಸರಿನ ಮೇಲೆ ನಿಂತು ಕೈ ಎತ್ತುತ್ತಲೇ ಇತ್ತು.

ಗೊನೊಪಾಡ್ ಎಂದರೇನೆಂದು ನೋಡಲು ಏಡಿಯನ್ನು ಮಗುಚಬೇಕು. ಎದೆಯ ಕೆಳಗೆ ಮಡಚಿ ಅಂಟಿಕೊಂಡಿರುವ ಹೊಟ್ಟೆಯ ಮುಚ್ಚಳ ಗಂಡಿನಲ್ಲಿ ಕಿರಿದು, ಹೆಣ್ಣಿನಲ್ಲಿ ಅಗಲ ಮತ್ತು ದುಂಡು. ಇಷ್ಟು ಮೀನುಪೇಟೆಗೆ ಹೋಗುವ ಎಲ್ಲರಿಗೂ ಗೊತ್ತು. ಗಂಡಿನ ಆ ಮುಚ್ಚಳವನ್ನು ಮೊಂಡು ಸೂಜಿಯಿಂದ ಎತ್ತಿದರೆ ಒಳಗೆ ಎರಡು ಜೋಡಿ ಸಣ್ಣ ಕಡ್ಡಿಗಳು ಕಾಣುತ್ತವೆ. ಕೂಡುವಾಗ ವೀರ್ಯ ಸಾಗಿಸುವ ಅವಯವಗಳು ಅವು. ಮುಂದಿನ ಜೋಡಿಯ ತುದಿಯಲ್ಲಿ ಜಾತಿಯ ಸಹಿ ಇದೆ. ಒಂದರಲ್ಲಿ ತುದಿ ತಿರುಚಿಕೊಂಡಿರುತ್ತದೆ, ಒಂದರಲ್ಲಿ ಎರಡು ಎಸಳಾಗಿ ಬಿಚ್ಚಿರುತ್ತದೆ, ಇನ್ನೊಂದರಲ್ಲಿ ರೋಮದ ಕುಚ್ಚಿನೊಳಗೆ ಹೆಬ್ಬೆರಳಿನಂಥ ಮೊಟಕು ಚಾಚು. ಮಿಲಿಮೀಟರಿನ ಭಾಗಗಳಲ್ಲಿ ಅಳೆಯುವ ಆಕಾರಗಳು. ಹೊಸ ಜಾತಿಯ ವಿವರಣೆಯಲ್ಲಿ ಚಿತ್ರಕಾರನ ಹೆಚ್ಚಿನ ಹೊತ್ತು ಈ ಕಡ್ಡಿಗೆ ಹೋಗುತ್ತದೆ. ಕಾರಣ ಸರಳ. ಬಣ್ಣ ಮದ್ಯಸಾರದಲ್ಲಿ ಕರಗುತ್ತದೆ. ಗುಲಾಬಿ ಹೋಗುತ್ತದೆ, ನೀಲಿಯೂ ಹೋಗುತ್ತದೆ, ಕೊನೆಗೆ ಎಲ್ಲವೂ ಒಣ ಮೂಳೆಯ ಬಣ್ಣ. ಮೈಯ ಅಳತೆ ವಯಸ್ಸಿನೊಂದಿಗೆ ಬದಲಾಗುತ್ತದೆ. ಗೊನೊಪಾಡ್ ಮಾತ್ರ ನೂರು ವರ್ಷದ ಬಾಟಲಿಯಲ್ಲೂ ಇದ್ದ ಹಾಗೇ ಇರುತ್ತದೆ.

ದೊಡ್ಡ ಕೊಂಡಿಯನ್ನಾದರೂ ನಂಬಬಹುದಲ್ಲ ಎಂದುಕೊಂಡರೆ, ಅದನ್ನೂ ಎಚ್ಚರದಿಂದಲೇ ನಂಬಬೇಕು. ಜಗಳದಲ್ಲೋ ಹಕ್ಕಿಯ ಬಾಯಲ್ಲೋ ಕಳೆದುಹೋದ ಕೊಂಡಿ ಚಿಪ್ಪು ಕಳಚುವಾಗ ಮತ್ತೆ ಬೆಳೆಯುತ್ತದೆ. ಉದ್ದ ಮೊದಲಿನಷ್ಟೇ, ಆದರೆ ತೆಳು, ಹಗುರ, ಹಲ್ಲುಗಳು ಮೊದಲಿನಂತೆ ಎದ್ದಿರುವುದಿಲ್ಲ. ಮೊಜಾಂಬಿಕ್‌ನ ಇನ್ಯಾಕಾ ದ್ವೀಪದಲ್ಲಿ ಆನ್ಯುಲಿಪೆಸ್ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಮೋಸದ ಸಂಕೇತವೆಂದೇ ಕರೆಯಿತು. ಹೆಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಎದುರಾಳಿ ಗಂಡಿಗೂ ನೋಡಿ ತಿಳಿಯುವುದಿಲ್ಲ. ಕೊಂಡಿಯ ಹಲ್ಲು ಎಣಿಸಿ ಜಾತಿ ಹೇಳುವ ಮನುಷ್ಯನೂ ಆ ಸಾಲಿಗೆ ಸೇರಬಹುದು. ದಿಬ್ಬದ ಮೇಲೆ ಕೂತವನಿಗೆ ಅಂಥ ಗಂಡಿನ ಗುರುತು ಸಿಗುವುದು ನಡೆಯಿಂದ. ಬೀಸಿನಲ್ಲಿ ಅದು ಯಾರಿಗೂ ಕಡಿಮೆಯಿಲ್ಲ. ಆದರೆ ನೆರೆಯವನು ಕೊಂಡಿಗೆ ಕೊಂಡಿ ಹೆಣೆಯಲು ಬಂದಾಗ ಅದು ಮೊದಲೇ ಬಿಲಕ್ಕಿಳಿಯುತ್ತದೆ. ಹಾಗೆ ಇಳಿಯುವುದೆಲ್ಲ ಮರುಬೆಳೆದ ಕೊಂಡಿಯದೇ ಎಂದೇನಲ್ಲ. ಆದರೂ ಅಂಥದ್ದು ಕಂಡಾಗ ನಾನು ದುರ್ಬೀನು ಎತ್ತಿ ಹಲ್ಲು ನೋಡುತ್ತೇನೆ.

ಗೋಕರ್ಣದ ಕಡೆಯ ತೆರೆದ ಕಡಲತೀರದಲ್ಲಿ, ರಾತ್ರಿ, ಗುರುತು ಹಿಡಿಯುವ ಕ್ರಮವೇ ಬೇರೆ. ಅಲ್ಲಿ ಭೂತ ಏಡಿಗಳ ರಾಜ್ಯ. ಮರಳಿನದೇ ಬಣ್ಣ, ಟಾರ್ಚಿನ ಬೆಳಕಿಗೆ ನೆರಳು ಮಾತ್ರ ಓಡಿದ ಹಾಗೆ ಕಾಣುತ್ತದೆ. 1772ರಲ್ಲಿ ಪಲ್ಲಾಸ್ ಹೆಸರಿಟ್ಟ ಓಸಿಪೋಡೆ ಸೆರಟೋಫ್ಥಾಲ್ಮಸ್‌ನ ಕಣ್ಣಿನ ಮೇಲೆ ಕೊಂಬಿದೆ. ಕಣ್ಣಿನ ತುದಿ ದಾಟಿ ಮೇಲಕ್ಕೆ ಚಾಚಿದ ಮೊನೆ. ಆದರೆ ಮರಿಗಳಿಗೆ ಕೊಂಬಿಲ್ಲ, ಮತ್ತು ಓಸಿಪೋಡೆ ಕಾರ್ಡಿಮಾನಸ್ ಎಂಬ ಇನ್ನೊಂದು ಜಾತಿಗೆ ದೊಡ್ಡದಾದರೂ ಕೊಂಬಿಲ್ಲ. ಆಗ ದೊಡ್ಡ ಕೊಂಡಿಯ ಅಂಗೈಯ ಒಳಮೈ ನೋಡಬೇಕು. ಸೆರಟೋಫ್ಥಾಲ್ಮಸ್‌ನಲ್ಲಿ ಅಲ್ಲಿ ಮೇಲಿನಿಂದ ಕೆಳಗೆ ಒಂದು ಸಾಲು ಗುಬುಟುಗಳೂ ಸಣ್ಣ ಗೀರುಗಳೂ ಇವೆ. ಏಡಿ ಆ ಸಾಲನ್ನು ಅದೇ ಕೈಯ ಬುಡಕ್ಕೆ ತಿಕ್ಕಿದಾಗ ಕರಕರ ಸದ್ದು ಹುಟ್ಟುತ್ತದೆ, ಬಿಲದೊಳಗಿನಿಂದ ಕೇಳಿದರೆ ದೂರದಲ್ಲಿ ಯಾರೋ ಮರ ಕೊಯ್ಯುತ್ತಿರಬೇಕೆನಿಸುತ್ತದೆ. ಗುಬುಟು ಎಷ್ಟು, ಗೀರು ಎಷ್ಟು, ಯಾವ ಅಂತರದಲ್ಲಿ ಎಂಬುದರ ಮೇಲೆ ಭೂತ ಏಡಿಯ ಜಾತಿಗಳನ್ನು ಬಿಡಿಸುತ್ತಾರೆ. ಕಾರ್ಡಿಮಾನಸ್‌ಗೆ ಆ ಸಾಲೇ ಇಲ್ಲ. ಅದರ ಅಂಗೈ ನುಣುಪು.

ಪುಟ್ಟ ಏಡಿಗಳ ವಿಷಯ ಹಾಗಿರಲಿ, ನಾವು ಕೊಂಡು ತಿನ್ನುವ ದೊಡ್ಡ ಕೆಸರೇಡಿಯ ಜಾತಿ ತೀರ್ಮಾನವಾದದ್ದೂ ಬಹಳ ತಡವಾಗಿ. 1775ರಲ್ಲಿ ಪ್ರಕಟವಾದ ಫೋರ್ಸ್ಕಾಲ್ ಅವರ ಬರಹದಿಂದ ಸಿಲ್ಲಾ ಸೆರ್ರೇಟಾ ಎಂಬ ಹೆಸರು ಬಂತು. 1949ರಲ್ಲಿ ಎಸ್ಟಾಂಪಡೋರ್ ಎಂಬ ಫಿಲಿಪ್ಪೀನ್ಸ್ ವಿಜ್ಞಾನಿ ಅಲ್ಲಿನ ಬೆಸ್ತರು ಬೇರೆ ಬೇರೆಯೆಂದು ತಿಳಿದಿದ್ದ ಏಡಿಗಳನ್ನು ಬೇರೆ ಬೇರೆ ಜಾತಿಗಳೆಂದೇ ಬರೆದರು. 1960ರಲ್ಲಿ ಆಸ್ಟ್ರೇಲಿಯದ ತಜ್ಞರು ಎಲ್ಲವನ್ನೂ ಮತ್ತೆ ಒಂದೇ ಜಾತಿಗೆ ಸೇರಿಸಿದರು. 1998ರಲ್ಲಿ ಕೀನನ್, ಡೇವಿ ಮತ್ತು ಮಾನ್ ವಂಶವಾಹಿಯನ್ನೂ ಚಿಪ್ಪನ್ನೂ ಒಟ್ಟಿಗೆ ಇಟ್ಟು ನೋಡಿ ನಾಲ್ಕು ಜಾತಿಗಳೆಂದರು. ನಮ್ಮ ಕರಾವಳಿಯಲ್ಲಿ ಮುಖ್ಯವಾಗಿ ಎರಡು. ಹಸಿರು ಮೈಯ, ಎಲ್ಲ ಕಾಲುಗಳ ಮೇಲೂ ಬಹುಕೋನದ ಜಾಲರಿ ಗುರುತಿರುವ, ಹಣೆಯ ಹಲ್ಲು ಎತ್ತರವಾದ, ಕೊಂಡಿಯ ಮಣಿಕಟ್ಟಿನ ಹೊರಗೆ ಎರಡು ಚೂಪು ಮುಳ್ಳಿರುವ ದೊಡ್ಡದು ಸಿಲ್ಲಾ ಸೆರ್ರೇಟಾ. ಕಂದು-ಕೆಂಪಿನ, ಜಾಲರಿಯಿಲ್ಲದ, ಹಣೆಯ ಹಲ್ಲು ಮೊಂಡಾದ, ಅಷ್ಟು ದೊಡ್ಡದಾಗದ್ದು ಸಿಲ್ಲಾ ಆಲಿವೇಸಿಯಾ. ಭಾರತದ ಬರಹಗಳಲ್ಲಿ ಬಹುಕಾಲ ದೊಡ್ಡದಕ್ಕೆ ಟ್ರಾಂಕ್ವೆಬಾರಿಕಾ ಎಂದೂ ಸಣ್ಣದಕ್ಕೆ ಸೆರ್ರೇಟಾ ಎಂದೂ ಅದಲುಬದಲು ಹೆಸರು ನಡೆದುಬಂತು.

ಕುಮಟಾದ ಪೇಟೆಯಲ್ಲಿ ಬಾಳೆನಾರಿನಿಂದ ಕೊಂಡಿ ಕಟ್ಟಿದ ಏಡಿಗಳನ್ನು ಎರಡು ಬುಟ್ಟಿಗಳಲ್ಲಿ ಇಟ್ಟುಕೊಂಡಿದ್ದ ಅಮ್ಮನೊಬ್ಬರನ್ನು ಬೇರೆ ಬೇರೆ ಯಾಕೆ ಇಟ್ಟಿದ್ದೀರೆಂದು ಕೇಳಿದೆ. “ಇದ್ರ ಜಾತಿನೇ ಬೇರೆ ತಮ್ಮಾ, ಎಷ್ಟ್ ದಿನ ಬಿಟ್ರೂ ಅದ್ರಷ್ಟು ದೊಡ್ಡಾಗೂದಿಲ್ಲ” ಎಂದರು, ಕೆಂಪನೆಯದನ್ನು ತೋರಿಸಿ. 1960ರ ತಜ್ಞರಿಗೆ ಈ ಎರಡು ಬುಟ್ಟಿ ನೋಡಲು ಸಿಕ್ಕಿರಲಿಲ್ಲ, ಪಾಪ.

ಜಾತಿಗಳನ್ನು ಕುಲಗಳಲ್ಲಿ ಕೂರಿಸುವುದು ಇನ್ನೂ ದೊಡ್ಡ ಜಗಳ. ಅಮೆರಿಕದ ಜೋಸೆಲಿನ್ ಕ್ರೇನ್ ಲೋಕದ ಕಡಲತೀರಗಳನ್ನೆಲ್ಲ ಸುತ್ತಿ, ಫಿಡ್ಲರ್ ಏಡಿಗಳ ಬೀಸನ್ನು ಚಲನಚಿತ್ರದ ಸುರುಳಿಗಳಲ್ಲಿ ಹಿಡಿದು, 1975ರಲ್ಲಿ ಭಾರಿ ಗ್ರಂಥ ತಂದರು. ಎಲ್ಲ ಜಾತಿಗಳೂ ‘ಉಕಾ’ ಎಂಬ ಒಂದೇ ಕುಲದಲ್ಲಿದ್ದವು. ಅವರು ಅವನ್ನು ಉಪಕುಲಗಳಾಗಿ ವಿಂಗಡಿಸಿದರು. ನೆಟ್ಟಗೆ ಬೀಸುವವು, ಪಕ್ಕಕ್ಕೆ ಬೀಸುವವು ಎಂಬ ವ್ಯತ್ಯಾಸವನ್ನೂ ಅದರಲ್ಲಿ ತೂಗಿದರು. ಎರಡು ವರ್ಷ ಮೊದಲೇ ಬಾಟ್ ಎಂಬ ಜರ್ಮನ್ ವಿಜ್ಞಾನಿ ಸಂಗ್ರಹದ ಮಾದರಿಗಳ ಆಧಾರದಿಂದ ಇಟ್ಟಿದ್ದ ಟ್ಯುಬುಕಾ, ಆಸ್ಟ್ರೂಕಾ ಮುಂತಾದ ಹೆಸರುಗಳು ನಾಮಕರಣದ ನಿಯಮದಂತೆ ಉಳಿದವು, ಕ್ರೇನ್ ಇಟ್ಟ ಹಲವು ಹೆಸರುಗಳು ಬಿದ್ದುಹೋದವು. 2016ರಲ್ಲಿ ಶಿ ಮತ್ತು ಜೊತೆಗಾರರು ಡಿಎನ್ಎ ನೋಡಿ ಫಿಡ್ಲರ್ ಏಡಿಗಳನ್ನು 11 ಕುಲಗಳಾಗಿ ಮಾಡಿದ ಮೇಲೆ ಭಾರತದಲ್ಲಿ ಉಕಾ ಕುಲದ ಒಂದು ಏಡಿಯೂ ಇಲ್ಲದಾಯಿತು. ಆದರೆ ಕ್ರೇನ್ ಬೀಸು ನೋಡಿ ಒಟ್ಟಿಗೆ ಕೂರಿಸಿದ ನೆಟ್ಟನೆಯ ಬೀಸಿನ ಗುಂಪಿನ ತಿರುಳು ಇಂದಿನ ಟ್ಯುಬುಕಾದಲ್ಲೇ ಇದೆ. ಹೆಸರು ಬಾಟ್ ಅವರದು, ನೋಟ ಆಕೆಯದು. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡದು. ಬಾಟಲಿಯಲ್ಲಿ ಆಕಾರ ಉಳಿಯುತ್ತದೆ, ಆಕಾರವಿಲ್ಲದೆ ಹೆಸರಿಲ್ಲ. ಆದರೆ ಯಾವ ಬಾಟಲಿಯಲ್ಲೂ ಬೀಸು ಉಳಿಯುವುದಿಲ್ಲ, ಕೆಸರಿಗೆ ಇಳಿದವರು ಬರೆಯದಿದ್ದರೆ ಅದು ದಾಖಲೆಯಲ್ಲೇ ಇರುವುದಿಲ್ಲ.

ಲೋಕದ ಏಡಿಗಳ ಪಟ್ಟಿಯನ್ನು 2008ರಲ್ಲಿ ಎನ್‌ಜಿ, ಗೀನೋ ಮತ್ತು ಡೇವಿ ಸಿದ್ಧಪಡಿಸಿದಾಗ ಅದರಲ್ಲಿ 6,793 ಜಾತಿಗಳಿದ್ದವು. ಆಮೇಲೆ ಪ್ರತಿವರ್ಷ ಸೇರುತ್ತಲೇ ಇವೆ. ಅಘನಾಶಿನಿಯ ಅಳಿವೆ 2024ರಲ್ಲಿ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಬಂದದ್ದು ಬಳಚು, ಮೀನು, ಹಕ್ಕಿ, ಕಾಂಡ್ಲಾ ವನಗಳ ಬಲದಿಂದ. ಏಡಿಗಳ ಲೆಕ್ಕ ಇಡುವವರು ಇನ್ನೂ ಬೇಕಾಗಿದ್ದಾರೆ. ಅದಕ್ಕೆ ಪದವಿ ಬೇಡ. ಅಳಿವೆಗೆ ಹೋದವರು ಏಡಿಯನ್ನು ಹಿಡಿಯದೆ, ಇಳಿತ ಅರ್ಧ ಕಳೆದ ಹೊತ್ತಿಗೆ ಬಿಸಿಲಿಗೆ ಬೆನ್ನು ಕೊಟ್ಟು ಅಲುಗದೆ ಕೂತುಕೊಳ್ಳಿ. ಚಿತ್ರ ತೆಗೆಯುವುದಾದರೆ ಎದುರಿನಿಂದ ಒಂದು, ಕಣ್ಣುಗಳ ನಡುವಿನ ಹಣೆ ಕಾಣುವಂತೆ, ದೊಡ್ಡ ಕೊಂಡಿಯ ಹೊರಮೈಯದು ಒಂದು, ಬೆನ್ನಿನದು ಒಂದು. ನೆಲ ಮರಳೋ ಕೆಸರೋ, ನೆರಳೋ ಬಿಸಿಲೋ, ಅಮಾವಾಸ್ಯೆ ಹುಣ್ಣಿಮೆಗಳಿಂದ ಎಷ್ಟನೆಯ ದಿನ, ದೊಡ್ಡ ಕೊಂಡಿ ಎಡದ್ದೋ ಬಲದ್ದೋ ಎಂಬುದನ್ನು ಅಲ್ಲೇ ಬರೆದಿಡಿ. ಬೀಸು ವೃತ್ತವೋ ನೆಟ್ಟನೆಯೋ ಎಂಬುದನ್ನಂತೂ ಬಿಡಬೇಡಿ. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆದರೂ ಸಾಕು.